ಹಸ್ತಾಂತರಪತ್ರವೂ ಪ್ರಜಾಪ್ರತಿನಿಧಿ ಸಭೆಯೂ

ಒಂದು ನಾಡಿನ ಸ್ವಯಮಾಡಳಿತವು ಯಾವ ಪತ್ರದಿಂದ ಮೊದಲಾಯಿತೆಂಬ ಪ್ರಶ್ನೆಗೆ ಎಲ್ಲ ದೇಶಗಳಲ್ಲಿಯೂ ಒಂದೇ ಉತ್ತರ ದೊರೆಯುವುದಿಲ್ಲ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಅಮೆರಿಕದ ತೀರವನ್ನು ಸೇರಿದವರ ಪೈಕಿ 41 ಮಂದಿ ಗಂಡಸರು, ತಾವೆಲ್ಲರೂ ಒಂದು ಸಮಾಜವಾಗಿ ಕೂಡಿ ತಾವೇ ಏರ್ಪಡಿಸಿಕೊಂಡ ಕಟ್ಟಳೆಗಳಿಗೆ ಒಳಪಡುವೆವೆಂದು ಬರೆದು ರುಜು ಹಾಕಿದರು. ಹೆಂಗಸರ ರುಜು ಅದರಲ್ಲಿರಲಿಲ್ಲ. ಆದರೂ ಅಲ್ಲಿ ಕಟ್ಟಳೆಯನ್ನು ಮಾಡಿದವರೂ ಅದಕ್ಕೆ ಕಟ್ಟುಬಿದ್ದವರೂ ಒಬ್ಬರೇ ಎಂಬುದು ದೊಡ್ಡ ಮಾತು.

ನಮ್ಮ ಮೈಸೂರು ಸೀಮೆಯ ಮೂಲಪತ್ರಗಳು ಆ ಬಗೆಯವಲ್ಲ. 1799ರ ಕೌಲು ಕುಂಪಣಿಗೂ ಬಾಲಕನಾಗಿದ್ದ ದೊರೆಗೂ ನಡುವೆ ಆದದ್ದು. 1831ರಲ್ಲಿ ಆಡಳಿತವು ದೊರೆಯ ಕೈತಪ್ಪಿ ಕಮಿಷನರುಗಳ ವಶವಾಯಿತು. ಐವತ್ತು ವರ್ಷಗಳ ಮೇಲೆ, 1881ನೆಯ ಮಾರ್ಚಿ 25ರಂದು, ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿತು. ಆಗಿನ ಹಸ್ತಾಂತರಪತ್ರದಲ್ಲಿದ್ದ 24 ಕಲಮುಗಳು ವರ್ಷಕ್ಕೆ 35 ಲಕ್ಷ ರೂಪಾಯಿಗಳ ಪೊಗದಿಯನ್ನು ಗೊತ್ತುಮಾಡಿದವು, ದಂಡನ್ನು ಮಿತಿಗೊಳಿಸಿದವು, ವೈಸರಾಯರ ಸರ್ಕಾರದ ಒಪ್ಪಿಗೆಯಿಲ್ಲದೆ ಆಡಳಿತಕ್ರಮವನ್ನು ಗಣನೀಯವಾಗಿ ಮಾರ್ಪಡಿಸಕೂಡದೆಂದು ವಿಧಿಸಿದವು. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಆದರೆ ಮಾಗಡಿ ಕಡೆಯ ಕುದೂರಿನಲ್ಲಿ ರಾಗಿ ಬೆಳೆದು ಕಂದಾಯ ಕಟ್ಟುತ್ತಿದ್ದ ರೈತನಿಗೆ ಹೇಳಿ ಕೇಳುವ ಹಕ್ಕು ಒಂದು ಕಲಮಿನಲ್ಲಿಯೂ ಇರಲಿಲ್ಲ.

ಆ ರೈತನ ಅಂದಿನ ಸ್ಥಿತಿ ಎಂತಹುದೆಂಬುದನ್ನು ನಾವು ಮರೆಯಬಾರದು. 1876ರಿಂದ 78ರ ವರೆಗೆ ಘೋರ ಕ್ಷಾಮವು ನಾಡನ್ನು ಸುಟ್ಟಿತ್ತು. 1871ರ ಗಣತಿಯಲ್ಲಿ ಐವತ್ತು ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದಲ್ಲಿ ಸಾಲ, ಹಳ್ಳಿಗಳಲ್ಲಿ ಪಾಳುಬಿದ್ದ ಹೊಲ. ಕೆರೆ ಒಡೆದರೆ, ಮಳೆ ತಪ್ಪಿದರೆ, ಆ ಸುದ್ದಿಯನ್ನು ಸರ್ಕಾರದ ಎದುರಿಗೆ ನಿಂತು ಹೇಳಲು ಪ್ರಜೆಗೆ ಒಂದು ಸ್ಥಾನವಿರಲಿಲ್ಲ.

ದಿವಾನ್ ರಂಗಾಚಾರ್ಲು ಅವರ ಹಿರಿಮೆ ತೋರಿಬರುವುದು ಇಲ್ಲಿ. ಹಸ್ತಾಂತರಪತ್ರವು ಕೇಳದೆ ಇದ್ದುದನ್ನು ಅವರು ಮಾಡಿದರು. 1881ನೆಯ ಆಗಸ್ಟ್ 25ರ ಆಜ್ಞೆಯಿಂದ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತು. ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಮಂದಿ ಜಮೀನುದಾರರೂ ವರ್ತಕರೂ ಮೈಸೂರಿನಲ್ಲಿ ಸೇರಿದರು. ಹೋದ ವರ್ಷ ನಡೆದುದೇನು, ಮುಂದಿನ ವರ್ಷ ಮಾಡತಕ್ಕುದೇನು ಎಂಬುದನ್ನು ದಿವಾನರು ಅವರ ಮುಂದಿಟ್ಟರು.

ಈ ಸಭೆಯನ್ನು ಪಾರ್ಲಿಮೆಂಟೆಂದು ಹೊಗಳುವುದು ಸತ್ಯಕ್ಕೆ ದೂರ. ಸದಸ್ಯರನ್ನು ಪ್ರಜೆಗಳು ಆರಿಸಿರಲಿಲ್ಲ. ಅವರಿಗೆ ಕಾನೂನು ಮಾಡುವ ಅಧಿಕಾರವಾಗಲಿ, ಆಯವ್ಯಯವನ್ನು ತಡೆಯುವ ಅಧಿಕಾರವಾಗಲಿ ಇರಲಿಲ್ಲ. ಬಡ ಗೇಣಿದಾರನೂ ಹೊಲದ ಕೂಲಿಯವನೂ ಬಾಗಿಲ ಹೊರಗೇ ಉಳಿದರು. ಅರಿಕೆ ಮಾಡಿಕೊಳ್ಳುವುದೇ ಸ್ವರಾಜ್ಯವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ, ನಾವು ಒಪ್ಪಲೇಬೇಕು. ಆದರೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ರೂಢಿಯನ್ನು ಒಮ್ಮೆ ಹಿಡಿದ ಸರ್ಕಾರ ಅದನ್ನು ಬಿಡುವುದು ಸುಲಭವಲ್ಲ. ಲೆಕ್ಕ ಕೇಳುವುದನ್ನು ಕಲಿತ ಪ್ರಜೆ ಅಷ್ಟಕ್ಕೇ ಸುಮ್ಮನಿರುವುದೂ ಇಲ್ಲ.

ಮುಂದಿನ ಚರಿತ್ರೆ ಇದಕ್ಕೆ ಸಾಕ್ಷಿ. 1891ರಲ್ಲಿ ಚುನಾವಣೆ ಬಂದಿತು, ಆದರೆ ಆಸ್ತಿಯೂ ವಿದ್ಯೆಯೂ ಉಳ್ಳ ಕೆಲವರಿಗೆ ಮಾತ್ರ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ತರುವಾಯ, 1923ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಸ್ತ್ರೀಯರಿಗಿದ್ದ ಅಡ್ಡಿಯೂ ತೊಲಗಿತು. ಆದರೂ ಹೊಣೆಗಾರ ಸರ್ಕಾರ ತಾನಾಗಿ ಬರಲಿಲ್ಲ. 1947ರಲ್ಲಿ ಜನರು ಚಳವಳಿ ಹೂಡಿ ಸೆರೆಮನೆಗಳನ್ನು ತುಂಬಿದ ಮೇಲೆ, ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಏರ್ಪಟ್ಟಿತು. ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ವಿಸರ್ಜನೆಯಾಯಿತು.

ಆದುದರಿಂದ ಪತ್ರವು ಬೀಜವಿದ್ದಂತೆ. ನೆಲವನ್ನು ಉಳದಿದ್ದರೆ ಅದು ಮೊಳೆಯದು. 1993ರ ಪಂಚಾಯತ್ ರಾಜ್ ಶಾಸನವು ಗ್ರಾಮಸಭೆಗಳಿಗೆ ಸ್ಥಾನ ಕೊಟ್ಟಿದೆ. ಕುದೂರಿನ ಸುತ್ತಣ ಹಳ್ಳಿಗಳಲ್ಲಿ ಗ್ರಾಮಸಭೆ ಕರೆದ ದಿನ ಜನ ಮನೆಯಲ್ಲಿಯೇ ಉಳಿದರೆ, ಆ ಶಾಸನವೂ ಬರಿಯ ಕಾಗದವೇ. ಹಿಂದಿನವರು ಕೇಳಲು ಹಕ್ಕಿಲ್ಲದೆ ಕೇಳಿದರು. ಹಕ್ಕಿದ್ದೂ ಕೇಳದೆ ಇರುವುದು ನಮಗೆ ಒಪ್ಪುವ ಮಾತಲ್ಲ.