ಪರದೇಶದ ಓದು: ಯಾವ ವಿಷಯ ಹಿಡಿಯಬೇಕು?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಮತ್ತು ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಿಗ್ಗೆಯಿಂದ ಇಪ್ಪತ್ತೈದು ವರ್ಷದ ವರದಿ ಓದಿದ್ದಾಯಿತು, ಹಿರಿಯ ಸದಸ್ಯರಿಗೆ ಶಾಲು ಹೊದಿಸಿದ್ದಾಯಿತು, ಹೋಳಿಗೆ ಊಟವೂ ಆಯಿತು. ಊಟದ ಮೇಲಿನ ಭಾಷಣ ಅಂದರೆ ಕೇಳುವವರಿಗೆ ಶಿಕ್ಷೆ ಎಂಬುದು ನಮಗೆ ಗೊತ್ತು. ಮೂವತ್ತು ವರ್ಷ ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲೇ ಕಾಮರ್ಸ್ ಪಾಠ ಹೇಳಿದವರು ನಾವು. ಯಾರಾದರೂ ತೂಕಡಿಸಿದರೆ ಬೇಸರವಿಲ್ಲ, ಹಳೆಯ ವಿದ್ಯಾರ್ಥಿಯನ್ನು ಕಂಡ ಹಾಗೆ ಆಗುತ್ತದೆ.

ಕಾರ್ಯದರ್ಶಿಗಳು ಹೋದ ತಿಂಗಳು ಮನೆಗೆ ಬಂದು, "ಮೇಷ್ಟ್ರೇ, ಈಗ ಸಂಘಕ್ಕೆ ಓದಿನ ಸಾಲ ಕೇಳಿಕೊಂಡು ಬರೋರು ಹೆಚ್ಚಾಗಿದ್ದಾರೆ. ಇಂಟರ್‌ನ್ಯಾಷನಲ್ ಬಿಸಿನೆಸ್ ಅಂತಾರೆ, ಅದರ ಜೊತೆಗೆ ಕಲ್ಚರ್ ಅಂತಾರೆ, ಅದರೊಳಗೆ ಸ್ಪೆಷಲೈಸೇಷನ್ ಅಂತಾರೆ. ಸಾಲ ಮಂಜೂರು ಮಾಡೋ ನಮಗೇ ಅರ್ಥವಾಗೋದಿಲ್ಲ. ನೀವು ಎಲ್ಲರಿಗೂ ತಿಳಿಯೋ ಹಾಗೆ ನಾಲ್ಕು ಮಾತು ಹೇಳಬೇಕು" ಅಂದರು. ಇದೇ ವಿಷಯದಲ್ಲಿ ನಾವು ಒಂದು ಸಲ ತಪ್ಪು ಸಲಹೆ ಕೊಟ್ಟಿದ್ದೇವೆ, ಎರಡನೆಯ ಸಲ ಕೊಡುವುದರಲ್ಲಿ ಸ್ವಲ್ಪದರಲ್ಲೇ ತಪ್ಪಿಸಿಕೊಂಡಿದ್ದೇವೆ. ಹಾಗಾಗಿ ಮಾತಾಡುವ ಹಕ್ಕು ಇದೆಯೋ ಇಲ್ಲವೋ, ಅನುಭವವಂತೂ ಇದೆ ಎಂದು ಒಪ್ಪಿಕೊಂಡೆವು.

ಮೊದಲು ಈ ಪದವಿ ಏನು ಅಂತ ನೋಡೋಣ. ನಮ್ಮ ಕಾಲದಲ್ಲಿ ಬಿ.ಕಾಂ. ಅಂದರೆ ಬಿ.ಕಾಂ., ಬಿ.ಎ. ಅಂದರೆ ಬಿ.ಎ. ಲೆಕ್ಕ ಬಲ್ಲವನಿಗೆ ಚರಿತ್ರೆ ಬೇಡ, ಚರಿತ್ರೆ ಓದಿದವನಿಗೆ ಲೆಕ್ಕದ ಗೊಡವೆ ಇಲ್ಲ. ಈ ಹೊಸ ಪದವಿ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಒಂದು ಎತ್ತು ಲೆಕ್ಕಪತ್ರ, ಮಾರುಕಟ್ಟೆ, ಅರ್ಥಶಾಸ್ತ್ರ. ಇನ್ನೊಂದು ಎತ್ತು ಪರದೇಶದ ಭಾಷೆ, ಚರಿತ್ರೆ, ಅಲ್ಲಿಯ ಜನರ ರೀತಿ ನೀತಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ವ್ಯಾಪಾರಕ್ಕೂ ಸಲ್ಲುತ್ತದೆ.

ಇದು ನಮಗೆ ಸಂಬಂಧವಿಲ್ಲದ ಮಾತು ಅಂತ ತಿಳಿಯಬೇಡಿ. ನಾವೆಲ್ಲ ಕುಳಿತಿರುವ ಈ ಸಂಘವೇ ಅಂಥ ಓದಿನ ಫಲ. ಜರ್ಮನಿಯಲ್ಲಿ ರೈಫೈಸೆನ್ ಎಂಬ ಮಹನೀಯರು ಹಳ್ಳಿಗಳ ಆಡಳಿತ ನೋಡುತ್ತಿದ್ದವರು. 1846–47ರ ಬರಗಾಲದ ಚಳಿಗಾಲದಲ್ಲಿ ರೊಟ್ಟಿಗಾಗಿ ಜನರನ್ನು ಒಟ್ಟುಗೂಡಿಸಿದರು. ಮುಂದೆ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರಿಗೆ ಸಾಲ ಕೊಡುವ ಸಂಘ ಕಟ್ಟಿದರು. ಇದನ್ನು ಕಂಡು ಬರಲು ಮದ್ರಾಸು ಸರ್ಕಾರ 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವರು ಬರೀ ಬಡ್ಡಿ ದರ ಬರೆದುಕೊಂಡು ಬರಲಿಲ್ಲ. ಅಲ್ಲಿಯ ಹಳ್ಳಿಯವರು ಒಬ್ಬರನ್ನೊಬ್ಬರು ಹೇಗೆ ನಂಬುತ್ತಾರೆ, ಸಾಲ ತೀರಿಸದವನನ್ನು ಊರು ಹೇಗೆ ಕಾಣುತ್ತದೆ, ಇದು ನಮ್ಮ ಮಣ್ಣಿನಲ್ಲಿ ಬೇರು ಬಿಡುತ್ತದೆಯೇ ಎಂಬುದನ್ನೂ ನೋಡಿದರು. ಅವರ ವರದಿಯ ಬಲದಿಂದ 1904ರ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಹಕಾರ ಸಂಘ ಹುಟ್ಟಿತು. ವ್ಯಾಪಾರ ಮತ್ತು ಸಂಸ್ಕೃತಿ ಎರಡನ್ನೂ ಸೇರಿಸಿ ಓದುವುದು ಅಂದರೆ ಇದೇ ಅಲ್ಲವೇ?

ಈಗ ಅದೇ ಜರ್ಮನಿಗೆ ಬರೋಣ. ಬವೇರಿಯಾ ರಾಜ್ಯದಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿಕೊಂಡು ಪಾಸೌ ಎಂಬ ಊರಿದೆ. ಡಾನ್ಯೂಬ್, ಇನ್, ಇಲ್ಟ್ಸ್ ಎಂಬ ಮೂರು ನದಿಗಳ ಸಂಗಮ. ಅಲ್ಲಿ 1978ರಲ್ಲಿ ತೆರೆದ ವಿಶ್ವವಿದ್ಯಾಲಯವು 1989ರಲ್ಲಿ ಭಾಷೆ, ಅರ್ಥಶಾಸ್ತ್ರ, ಸಂಸ್ಕೃತಿ ಮೂರನ್ನೂ ಸಂಗಮ ಮಾಡಿ ಒಂದು ಪದವಿ ಶುರುಮಾಡಿತು. ಕುಲ್ಟೂರ್‌ವಿರ್ಟ್‌ಶಾಫ್ಟ್ ಅಂತಾರೆ. ಅದೇ ವರ್ಷ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. ಮುಚ್ಚಿದ್ದ ಪೂರ್ವದ ದೇಶಗಳ ಬಾಗಿಲು ತೆರೆಯಿತು, ಅಲ್ಲಿಯ ಭಾಷೆ ಬಲ್ಲ ವ್ಯಾಪಾರಸ್ಥರಿಗೆ ಇದ್ದಕ್ಕಿದ್ದ ಹಾಗೆ ಕೆಲಸ ಬಂತು.

ಈ ಪದವಿಯಲ್ಲಿ ವ್ಯಾಪಾರದ ಪಾಠ ಎಲ್ಲರಿಗೂ ಉಂಟು. ಆದರೆ ವಿದ್ಯಾರ್ಥಿ ಜಗತ್ತಿನ ಒಂದು ಭಾಗವನ್ನು ತನ್ನದಾಗಿ ಆರಿಸಿಕೊಳ್ಳಬೇಕು. ಇಂಗ್ಲಿಷ್ ದೇಶಗಳು, ಫ್ರೆಂಚ್ ದೇಶಗಳು, ಸ್ಪೇನ್ ಮತ್ತು ಪೋರ್ಚುಗಲ್ ಭಾಷೆಯ ದೇಶಗಳು, ಇಟಲಿ, ಪೂರ್ವ ಯೂರೋಪು, ಆಗ್ನೇಯ ಏಷ್ಯಾ, ಹೀಗೆ. ಆರಿಸಿದ ಸೀಮೆಯ ಭಾಷೆಯನ್ನು ಪತ್ರ ವ್ಯವಹಾರ ಮಾಡುವ ಮಟ್ಟಕ್ಕೆ ಕಲಿಯಬೇಕು. ಇದೇ ನೋಡಿ ವಿಶೇಷ ವಿಷಯದ ಆಯ್ಕೆ. ಇಲ್ಲೇ ನಮ್ಮ ಮನೆಯಲ್ಲಿ ಜಗಳ ಬಂದದ್ದು.

ನಮ್ಮಣ್ಣನ ಮಗಳು ತಾಲ್ಲೂಕು ಕಾಲೇಜಿನಲ್ಲಿ ಬಿ.ಕಾಂ. ಒಂದು ವರ್ಷ ಮುಗಿಸಿ, ಬೆಂಗಳೂರಿನಲ್ಲಿ ಜರ್ಮನ್ ಕಲಿತು, ಪಾಸೌಗೆ ಹೋಗುವುದೆಂದು ಹಟ ಹಿಡಿದಳು. ಅಣ್ಣ ತೋಟದ ಮೇಲೆ ಸಾಲ ಮಾಡಿದರು, ಅತ್ತಿಗೆಯವರು ಬಳೆ ಬಿಚ್ಚಿಕೊಟ್ಟರು. ನಾವು ಮನೆಯ ಮೇಷ್ಟ್ರು, ಸಲಹೆ ಕೊಡದೇ ಇರುತ್ತೇವೆಯೇ? "ಇಂಗ್ಲಿಷ್ ಸೀಮೆ ತಗೋ. ಭಾಷೆ ಹೇಗೂ ಬರುತ್ತೆ, ಒಳ್ಳೆ ನಂಬರ್ ಬರುತ್ತೆ, ಸಾಲ ಬೇಗ ತೀರುತ್ತೆ" ಅಂದೆವು. ಅವಳು ತಟ್ಟೆಯಿಂದ ತಲೆ ಎತ್ತದೆ, "ಚಿಕ್ಕಪ್ಪ, ಬರೋದನ್ನೇ ಕಲಿಯೋದಕ್ಕೆ ಅಪ್ಪನ ತೋಟ ಅಡ ಇಟ್ಟು ಅಷ್ಟು ದೂರ ಹೋಗಬೇಕಾ?" ಅಂದಳು. ನಮಗೆ ಸಿಟ್ಟು ಬಂತು. ಉತ್ತರ ಮಾತ್ರ ಹೊಳೆಯಲಿಲ್ಲ.

ಅವಳು ಹಿಡಿದದ್ದು ಆಗ್ನೇಯ ಏಷ್ಯಾ, ಇಂಡೋನೇಷ್ಯಾದ ಭಾಷೆ. ಅಣ್ಣನಿಗೆ ಗಾಬರಿ. "ಜರ್ಮನಿಗೆ ಹೋಗಿ ಇಂಡೋನೇಷ್ಯಾ ಓದ್ತಾಳಂತೆ, ನೀನೇ ತಲೆ ಕೆಡಿಸಿದ್ದು" ಅಂತ ನಮ್ಮ ಜೊತೆ ಎರಡು ತಿಂಗಳು ಮಾತು ಬಿಟ್ಟರು. ನಾವು ಕೆಡಿಸಿರಲಿಲ್ಲ, ಸರಿಪಡಿಸಿಯೂ ಇರಲಿಲ್ಲ.

ಅವಳ ಲೆಕ್ಕ ಏನಿತ್ತು, ಕೇಳಿ. ಇಲ್ಲಿ ಕೂತವರೆಲ್ಲ ಅಡಿಕೆ ಬೆಳೆಗಾರರು. ಪರದೇಶದ ಅಗ್ಗದ ಅಡಿಕೆ ಬಂದಾಗ ನಮ್ಮ ಧಾರಣೆ ಬೀಳುತ್ತದೆ ಎಂದು ನಾವು ಎಷ್ಟು ಮನವಿ ಕೊಟ್ಟಿಲ್ಲ! ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ನಿಮಗೆ ನೆನಪಿದೆ. ಆ ಅಡಿಕೆ ಬರುವ ದೇಶಗಳಲ್ಲಿ ಇಂಡೋನೇಷ್ಯಾ ಒಂದು. ಇನ್ನು ನಮ್ಮ ಒಗ್ಗರಣೆಯ ತಾಳೆ ಎಣ್ಣೆ. 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಆ ದೇಶ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತ್ತು. ಅಲ್ಲಿ ಒಬ್ಬರು ತೀರ್ಮಾನ ಮಾಡಿದರೆ ಇಲ್ಲಿ ಹಪ್ಪಳ ಕರಿಯುವವರ ಕೈ ಬಿಗಿಯಾಗುತ್ತದೆ. ಹೀಗಿದ್ದೂ ಆ ದೇಶದ ಪತ್ರಿಕೆ ಓದಬಲ್ಲವರು ನಮ್ಮ ಹೋಬಳಿಯಲ್ಲಿ ಒಬ್ಬರೂ ಇಲ್ಲ.

ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದಳು. ಆ ಭಾಷೆಯಲ್ಲಿ ಭಾಷೆಗೆ ಬಹಾಸಾ ಅಂತಲೇ ಹೆಸರು. ಗುರುವಿಗೆ ಗುರು, ಹೆಂಡತಿಗೆ ಇಸ್ತ್ರಿ, ಗಂಡನಿಗೆ ಸುವಾಮಿ, ದೇಶಕ್ಕೆ ನೆಗಾರಾ. ಬೆಲೆಗೆ ಹರ್ಗಾ ಅಂತಾರೆ, ಅದು ನಮ್ಮ ಸಂಸ್ಕೃತದ ಅರ್ಘ. ಅಡಿಕೆಗೆ ಪಿನಾಂಗ್. ಆ ಮಾತಿನಿಂದಲೇ ಹೆಣ್ಣು ಕೇಳುವುದಕ್ಕೆ ಮೆಮಿನಾಂಗ್ ಎಂಬ ಮಾತು ಹುಟ್ಟಿದೆ. ನಾವು ತಾಂಬೂಲ ಬದಲಾಯಿಸಿ ನಿಶ್ಚಯ ಮಾಡುವ ಹಾಗೆ! ಅಣ್ಣ ಫೋನು ಹಿಡಿದುಕೊಂಡು, "ಅಲ್ಲಿಯೂ ಅಡಿಕೆಗೆ ಮರ್ಯಾದೆ ಇದೆಯಂತೆ ಕಣೋ" ಅಂದರು. ಎರಡು ತಿಂಗಳ ನಂತರ ನಮ್ಮ ಜೊತೆ ಆಡಿದ ಮೊದಲ ಮಾತು ಅದು.

ಇನ್ನೊಂದು ವಿಷಯ ಸಹಕಾರಿಗಳಾದ ನೀವು ಕೇಳಲೇಬೇಕು. ಇಂಡೋನೇಷ್ಯಾದ ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹಟ್ಟಾ ಅವರನ್ನು ಅಲ್ಲಿಯ ಜನ ಸಹಕಾರದ ಪಿತಾಮಹ ಎಂದು ಕರೆಯುತ್ತಾರೆ. ದೇಶದ ಅರ್ಥವ್ಯವಸ್ಥೆ ಒಂದು ಕುಟುಂಬದ ಭಾವದಲ್ಲಿ ನಡೆಯಬೇಕು ಎಂಬುದನ್ನು ಅವರು 1945ರ ಸಂವಿಧಾನದಲ್ಲೇ ಸೇರಿಸಿಕೊಂಡಿದ್ದಾರೆ. ಪ್ರತಿವರ್ಷ ಜುಲೈ 12 ಅವರಿಗೆ ಸಹಕಾರ ದಿನ. ನಮ್ಮ ಅಡಿಕೆಗೆ ಪೈಪೋಟಿ ಕೊಡುವವರೂ ನಮ್ಮ ಹಾಗೆ ಸಂಘ ಕಟ್ಟುವ ಜನವೇ. ಬೆಲೆಪಟ್ಟಿ ಮಾತ್ರ ಓದಿದವನಿಗೆ ಇದು ಕಾಣುವುದಿಲ್ಲ.

ಈಗ ನಮ್ಮ ಹಳೆಯ ತಪ್ಪನ್ನು ಹೇಳಿಬಿಡುತ್ತೇವೆ. ಸುಮಾರು ವರ್ಷಗಳ ಹಿಂದೆ ನಮ್ಮ ಸಂಘದ ಸದಸ್ಯರೊಬ್ಬರ ಮಗ ನಗರದ ಒಂದು ಖಾಸಗಿ ಕಾಲೇಜಿಗೆ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಲು ಸೇರಿದ. ಕಾಲೇಜಿನ ಬಣ್ಣದ ಪುಸ್ತಕದಲ್ಲಿ ಐದು ಸ್ಪೆಷಲೈಸೇಷನ್ ಅಚ್ಚಾಗಿತ್ತು. ಅದರಲ್ಲಿ ರಫ್ತು ವ್ಯಾಪಾರ ಇತ್ತು, "ತಗೋ" ಅಂದವರು ನಾವೇ. ಮೂರನೆಯ ವರ್ಷಕ್ಕೆ ಬಂದಾಗ ಆ ವಿಷಯಕ್ಕೆ ಆರೇ ಜನ ಹುಡುಗರು, ಪಾಠ ಹೇಳುವವರಿಲ್ಲ. ಅವರನ್ನೆಲ್ಲ ಬೇರೆ ವಿಭಾಗಕ್ಕೆ ಸೇರಿಸಿದರು. ಶುಲ್ಕ ಕಟ್ಟಿಯಾಗಿತ್ತು, ಹಿಂದೆ ಬರಲಿಲ್ಲ. ಹುಡುಗ ಬುದ್ಧಿವಂತ, ಹೇಗೋ ದಾರಿ ಮಾಡಿಕೊಂಡ. ಆದರೆ ಅವರ ತಂದೆ ಇಂದಿಗೂ ಎದುರಿಗೆ ಸಿಕ್ಕಾಗ ಆ ವಿಷಯ ಎತ್ತುವುದಿಲ್ಲ. ಅವರು ಎತ್ತದಿರುವುದೇ ನಮಗೆ ಬೈಗುಳಕ್ಕಿಂತ ಹೆಚ್ಚು. ಎಷ್ಟು ಜನ ಸೇರಿದರೆ ತರಗತಿ ನಡೆಯುತ್ತದೆ ಎಂಬ ಒಂದು ಪ್ರಶ್ನೆಯನ್ನು ನಾವು ಆಗ ಕೇಳಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ವಿಷಯ ಹಿಡಿಯುವ ಮುನ್ನ ಐದು ಮಾತು ನೆನಪಿಡಿ.

ಒಂದನೆಯದು, ಹೆಸರು ನೋಡಬೇಡಿ, ಪಾಠಪಟ್ಟಿ ನೋಡಿ. ಯಾವ ಸೆಮಿಸ್ಟರಿನಲ್ಲಿ ಏನು, ಕಲಿಸುವವರು ಇದ್ದಾರೆಯೇ, ಹೋದ ವರ್ಷ ಆ ತರಗತಿ ನಡೆಯಿತೇ ಎಂದು ಬರವಣಿಗೆಯಲ್ಲಿ ಕೇಳಿ. ಈಗಾಗಲೇ ಓದುತ್ತಿರುವವರ ಹತ್ತಿರ ಮಾತಾಡಿ.

ಎರಡನೆಯದು, ಭಾಷೆಗೆ ದಿನಕ್ಕೆ ಎರಡು ತಾಸು ಕೊಡಲು ಮನಸ್ಸಿದೆಯೇ? ಅಡಿಕೆ ಸಸಿಗೆ ನೀರು ಹಾಕಿದ ಹಾಗೆ ಅದು ದಿನವೂ ಬೇಕು, ಪರೀಕ್ಷೆಯ ಹಿಂದಿನ ರಾತ್ರಿ ಕೊಡ ಸುರಿದರೆ ಆಗುವುದಿಲ್ಲ. ಪಾಸೌನಂಥ ಕಡೆ ಪಾಠ ಬಹುಪಾಲು ಜರ್ಮನ್‌ನಲ್ಲೇ, ಅದರ ಮೇಲೆ ಇನ್ನೊಂದು ಹೊಸ ಭಾಷೆ. ಆಗುವುದಿಲ್ಲ ಅನ್ನಿಸಿದರೆ ನಾಚಿಕೆಯಿಲ್ಲ, ಲೆಕ್ಕಪತ್ರ ಅಥವಾ ಮಾರುಕಟ್ಟೆಯ ಕಡೆ ವಾಲಿದ ಪದವಿ ಹಿಡಿಯಿರಿ.

ಮೂರನೆಯದು, ನಿಮಗೆ ಹುಟ್ಟಿನಿಂದ ಏನು ಗೊತ್ತಿದೆ ಅಂತ ನೋಡಿಕೊಳ್ಳಿ. ಅಡಿಕೆ ಸುಲಿದ ಕೈ, ಮೆಣಸು ಕೊಯ್ದ ಕೈ ನಿಮ್ಮದು. ಅಲ್ಲಿಯ ಹುಡುಗರು ಪುಸ್ತಕದಲ್ಲಿ ಓದುವುದನ್ನು ನೀವು ಅಂಗಳದಲ್ಲಿ ಕಂಡಿದ್ದೀರಿ. ಕಾಫಿ ಸೀಮೆಯ ಮಕ್ಕಳು ಇಟಲಿಯನ್ನು ಹಿಡಿದರೆ ಅರ್ಥವುಂಟು, ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶ ಅದು. ಗೊತ್ತಿರುವುದಕ್ಕೆ ಗೊತ್ತಿಲ್ಲದ್ದನ್ನು ಕಸಿ ಕಟ್ಟಬೇಕು.

ನಾಲ್ಕನೆಯದು, ಒಂದು ಬಾಗಿಲು ತೆರೆದರೆ ಯಾವುದು ಮುಚ್ಚುತ್ತದೆ ಎಂಬುದನ್ನೂ ಕೇಳಿ. ಸಂಸ್ಕೃತಿ ಹೆಚ್ಚು ಓದಿದವರಿಗೆ ಮುಂದೆ ಶುದ್ಧ ಹಣಕಾಸಿನ ಉನ್ನತ ಪದವಿಗೆ ಅಂಕಗಣಿತದ ಪಾಠಗಳು ಸಾಲದೆ ಬರಬಹುದು. ಅದನ್ನು ಮೊದಲ ವರ್ಷವೇ ವಿಚಾರಿಸಿದರೆ ಹೆಚ್ಚಿನ ವಿಷಯ ತೆಗೆದುಕೊಂಡು ಸರಿಮಾಡಿಕೊಳ್ಳಬಹುದು.

ಐದನೆಯದು, ಸಾಲದ ಕಂತು ನೋಡಿ ವಿಷಯ ಆರಿಸಬೇಡಿ, ವಿಷಯ ನೋಡಿ ಸಾಲದ ಅಳತೆ ಆರಿಸಿ. ಒಲ್ಲದ ವಿಷಯ ಹಿಡಿದವರು ಅರ್ಧಕ್ಕೆ ಬಿಟ್ಟು ಬಂದರೆ ಸಾಲ ಪೂರ್ತಿ ಉಳಿಯುತ್ತದೆ.

ಖರ್ಚಿನ ಮಾತು ಪೋಷಕರಿಗೆ. ಬವೇರಿಯಾದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕವನ್ನು 2013ರಲ್ಲಿ ತೆಗೆದರು. ಆಮೇಲೆ ಹೊರದೇಶದವರಿಗೆ ಶುಲ್ಕ ಹಾಕಲು ಕಾನೂನಿನಲ್ಲಿ ಮತ್ತೆ ಅವಕಾಶವಾಗಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಹಾಕಿಯೂ ಇದೆ. ಹಾಗಾಗಿ ಸೇರುವ ವರ್ಷದ ದರವನ್ನು ಆ ವರ್ಷವೇ ಕೇಳಿ. ವೀಸಾಕ್ಕಾಗಿ ಒಂದು ವರ್ಷದ ಊಟ ವಸತಿಯ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋ ಎಂದು ಮಾಡಿದರು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಆ ಹಣ ಯಾರಿಗೂ ಹೋಗುವುದಿಲ್ಲ, ತಿಂಗಳು ತಿಂಗಳು ವಿದ್ಯಾರ್ಥಿಗೇ ಸಿಗುತ್ತದೆ. ಬರೀ ಪಿ.ಯು.ಸಿ. ಮೇಲೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ, ಇಲ್ಲಿಯೇ ಒಂದು ವರ್ಷದ ಪದವಿ ತರಗತಿ ಪಾಸಾಗಿರಬೇಕು. 2022ರ ನವೆಂಬರ್‌ನಿಂದ ಏ.ಪಿ.ಎಸ್. ಎಂಬ ಪ್ರಮಾಣಪತ್ರವೂ ಕಡ್ಡಾಯ. ದಲ್ಲಾಳಿಗಳ ಕೈಗೆ ದುಡ್ಡು ಕೊಡುವ ಮುನ್ನ ಇಷ್ಟು ತಿಳಿದಿರಲಿ.

ಎಲ್ಲರೂ ಪಾಸೌಗೆ ಹೋಗಿ ಅಂತ ನಾವು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಲೇ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಬಹುದು. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳಿಗೆಂದೇ ಕೇಂದ್ರ ವಿಶ್ವವಿದ್ಯಾಲಯವಿದೆ. ವ್ಯಾಪಾರಕ್ಕೆ ಒಂದು ಭಾಷೆ ಜೋಡಿಸುವುದು ಮುಖ್ಯ, ವಿಮಾನ ಹತ್ತುವುದು ಆಮೇಲಿನ ಮಾತು.

ನಮ್ಮ ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಮುಂದೆ ಕೆಲಸ ಸಿಗುತ್ತದೆಯೇ, ತೋಟದ ಸಾಲ ಯಾವಾಗ ತೀರುತ್ತದೆ ಎಂಬುದಕ್ಕೆ ನಾವು ಜಾಮೀನು ನಿಲ್ಲಲಾರೆವು. ಅತ್ತಿಗೆಯವರ ಕೈ ಇನ್ನೂ ಬರಿದಾಗಿಯೇ ಇದೆ. ಆದರೆ ಅವಳು ಆರಿಸಿದ್ದನ್ನು ತಿಳಿದು ಆರಿಸಿದ್ದಾಳೆ, ಕಷ್ಟ ಬಂದರೆ ಬೇರೆಯವರ ಮೇಲೆ ಹಾಕುವುದಿಲ್ಲ. ಅಷ್ಟು ನಮಗೆ ಸಮಾಧಾನ.

ಕೊನೆಗೆ ಆಡಳಿತ ಮಂಡಳಿಗೆ ಒಂದು ಬಿನ್ನಹ. ಓದಿನ ಸಾಲದ ಅರ್ಜಿಯ ಜೊತೆ ಪಹಣಿ, ಜಾಮೀನು ಪತ್ರ ಎಲ್ಲ ಕೇಳುತ್ತೀರಿ. ಇನ್ನು ಮುಂದೆ ಒಂದು ಹಾಳೆ ಹೆಚ್ಚಿಗೆ ಕೇಳಿ. ಯಾವ ವಿಷಯ ಹಿಡಿಯುತ್ತೇನೆ, ಯಾಕೆ ಹಿಡಿಯುತ್ತೇನೆ ಎಂದು ವಿದ್ಯಾರ್ಥಿ ತನ್ನ ಕೈಯಾರೆ ಕನ್ನಡದಲ್ಲಿ ಬರೆದು ಕೊಡಲಿ. ಸಾಲ ನಿಲ್ಲಿಸಲಿಕ್ಕಲ್ಲ, ಬರೆಯಲು ಕೂತಾಗ ಆ ಮಗು ಒಮ್ಮೆ ಯೋಚಿಸಲಿ ಎಂದು. ಆ ಹಾಳೆಗಳನ್ನು ಓದುವ ಕೆಲಸವನ್ನು ನಮಗೆ ವಹಿಸಿದರೆ ಸಂಬಳವಿಲ್ಲದೆ ಮಾಡುತ್ತೇವೆ. ಈ ಸಲ ಸಲಹೆ ಕೊಡುವ ಮುನ್ನ ಪ್ರಶ್ನೆ ಕೇಳುತ್ತೇವೆ.