ನಂಟು ಬಿಡಿಸುವ ವಿಚಾರ

ಕೂಡಿಸು, ಜೋಡಿಸು, ಹೊಂದಿಸು, ಬೆಸೆ, ಗಂಟುಹಾಕು ಎಂದು ನಂಟು ಬೆಳೆಸುವುದಕ್ಕೆ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಬಿಡಿಸುವುದಕ್ಕೂ ಕಳಚು, ತೊರೆ, ಕಡಿದುಕೊ ಎಂಬಂಥ ಮಾತುಗಳುಂಟು. ಆದರೆ ಅವನ್ನು ಆಡುವಾಗ ನಾಲಗೆಗೆ ಕೊಂಚ ಕಹಿ ತಟ್ಟುತ್ತದೆ. ಕೈಫೋನನ್ನೂ ಗಣಕಯಂತ್ರವನ್ನೂ ಜೋಡಿಸುವ ತಂತ್ರಾಂಶಗಳನ್ನು ರಚಿಸಿದವರಿಗೂ ಇದೇ ಸಂಕೋಚ ಇದ್ದಿತೋ ಏನೋ. ಜೋಡಿಸುವ ಗುಂಡಿ ಹೆಬ್ಬಾಗಿಲಲ್ಲಿಯೇ ನಿಂತು ಕರೆಯುತ್ತದೆ. ಬಿಡಿಸುವ ಗುಂಡಿಯನ್ನು ಹಿತ್ತಿಲವರೆಗೆ ಹುಡುಕಿಕೊಂಡು ಹೋಗಬೇಕು.

ಇಂಥ ತಂತ್ರಾಂಶಗಳು ಹಲವು. ಕೆಡಿಇ ಕನೆಕ್ಟ್ ಎಂಬುದು 2013ರಲ್ಲಿ ಹುಟ್ಟಿತು. ಮೈಕ್ರೋಸಾಫ್ಟ್ ಸಂಸ್ಥೆ 2018ರಲ್ಲಿ ‘ಯುವರ್ ಫೋನ್’ ಎಂದು ತಂದದ್ದಕ್ಕೆ 2022ರಲ್ಲಿ ‘ಫೋನ್ ಲಿಂಕ್’ ಎಂದು ಮರುನಾಮಕರಣವಾಯಿತು. ನಮ್ಮಲ್ಲಿ ಹೆಚ್ಚು ಜನ ಬಲ್ಲದ್ದು ಮಾತ್ರ ವಾಟ್ಸಾಪ್. ಅದರ ಸಂದೇಶಗಳನ್ನು ಗಣಕದ ಪರದೆಯಲ್ಲಿ ಓದುವ ಅನುಕೂಲ ಬಂದದ್ದು 2015ರಲ್ಲಿ. ಕಣ್ಣು ಮಸುಕಾದ ನನ್ನಂಥವರಿಗೆ ದೊಡ್ಡ ಪರದೆಯೂ ದೊಡ್ಡ ಅಕ್ಷರವೂ ವರವೇ ಸರಿ. ನಾನು ಈ ಸೌಕರ್ಯವನ್ನು ಹಳಿಯಲು ಬಂದವನಲ್ಲ.

ಜೋಡಣೆ ನಡೆಯುವ ಬಗೆಯನ್ನು ತಿಳಿದರೆ ಬಿಡಿಸುವುದರ ಮರ್ಮವೂ ತಿಳಿಯುತ್ತದೆ. ಕೆಡಿಇ ಕನೆಕ್ಟಿನಲ್ಲಿ ಪ್ರತಿಯೊಂದು ಯಂತ್ರವೂ ತನ್ನದೇ ಆದ ಗುರುತುಪತ್ರವೊಂದನ್ನು ಸೃಷ್ಟಿಸಿಕೊಳ್ಳುತ್ತದೆ. ಜೋಡಿಸುವಾಗ ಎರಡೂ ತಮ್ಮ ಗುರುತುಪತ್ರಗಳನ್ನು ವಿನಿಮಯ ಮಾಡಿಕೊಂಡು ಜೋಪಾನವಾಗಿಡುತ್ತವೆ. ಆಮೇಲೆ ಒಂದೇ ಮನೆಯ ಜಾಲದಲ್ಲಿ ಭೇಟಿಯಾದಾಗಲೆಲ್ಲ ‘ನೀನೋ, ಬಾ’ ಎನ್ನುತ್ತವೆ, ಮತ್ತೆ ಕೇಳುವುದಿಲ್ಲ. ನಂಟು ಬಿಡಿಸುವುದೆಂದರೆ ಆ ಪತ್ರವನ್ನು ಮರೆಯುವುದು. ಇಬ್ಬರಲ್ಲಿ ಒಬ್ಬರು ಮರೆತರೂ ಸಾಕು, ಇನ್ನೊಬ್ಬರ ನೆನಪು ಬಾಗಿಲು ತೆರೆಯಲಾರದು. ಆದುದರಿಂದಲೇ ಕೈಗೆ ಸಿಗದ, ಎಂದೋ ಕಳೆದುಹೋದ ಫೋನನ್ನೂ ನಮ್ಮ ಗಣಕದಲ್ಲಿ ಕುಳಿತು ಹೊರಗಿಡಬಹುದು. ಫೋನನ್ನು ಪೂರ್ತಿ ಅಳಿಸಿ, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತಂದು ಪುನಃ ಜೋಡಿಸಿದರೆ ಅದು ಹೊಸಬನಾಗಿಯೇ ಬರುತ್ತದೆ. ಹಳೆಯ ಹೆಸರು ಪಟ್ಟಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಒಂದೇ ಹೆಸರು ಎರಡು ಸಲ ಕಂಡು ಗಾಬರಿಯಾಗುವವರು ಇದನ್ನು ನೆನೆಯಬೇಕು.

ಹಾಗಾದರೆ ಅಪಾಯವೆಲ್ಲಿ? ಹೆಸರು ಹಳೆಯದಾದದ್ದರಲ್ಲಿ ಇಲ್ಲ. ಕೀಲಿಕೈ ಈಗ ಯಾರ ಬಳಿ ಇದೆ ಎಂಬುದರಲ್ಲಿದೆ. ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಗೆ ಒಮ್ಮೆ ಹೋಗಿದ್ದೆ. ಯಾರೋ ಹಿರಿಯರು ಕಾಗದವೊಂದನ್ನು ಮುದ್ರಿಸಿಕೊಳ್ಳಲು ಅಲ್ಲಿನ ಗಣಕದಲ್ಲಿ ತಮ್ಮ ವಾಟ್ಸಾಪ್ ತೆರೆದು, ದುಡ್ಡು ಕೊಟ್ಟು ಹೊರಟುಹೋಗಿದ್ದರು. ಪರದೆಯ ಮೇಲೆ ಅವರ ಬಂಧುಬಳಗವೆಲ್ಲ ಸಾಲಾಗಿ ನಿಂತಿತ್ತು. ಅಂಗಡಿಯ ಹುಡುಗ ಸಜ್ಜನ. ಮುಖ ತಿರುಗಿಸಿ ಆ ಕಿಟಕಿಯನ್ನು ಮುಚ್ಚಿದ. ಆದರೆ ಕಿಟಕಿ ಮುಚ್ಚಿದರೆ ನಂಟು ಹರಿಯುವುದಿಲ್ಲ. ಮರುದಿನ ಇನ್ನಾರೋ ತೆರೆದರೆ ಅದೇ ಬಳಗ, ಹೊಸ ಮಾತುಗಳೊಡನೆ. ಫೋನ್ ಲಿಂಕಿನಂಥವುಗಳಲ್ಲಿ ಬ್ಯಾಂಕಿನವರು ಕಳಿಸುವ ಗುಟ್ಟಿನ ಸಂಖ್ಯೆ ಕೂಡ, ನಾವು ಬಿಟ್ಟುಬಂದ ಕಚೇರಿಯ ಮೇಜಿನ ಮೇಲೆ ಮಿನುಗಬಹುದು.

ಬಿಡಿಸುವ ಕ್ರಮ ಕಷ್ಟವಲ್ಲ. ವಾಟ್ಸಾಪಿನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯನ್ನು ತೆರೆದರೆ ಒಂದೊಂದೂ ಕೊನೆಗೆ ಯಾವಾಗ ಬಳಕೆಯಾಯಿತೆಂಬುದು ಕಾಣುತ್ತದೆ. ಬೇಡದ್ದನ್ನು ಮುಟ್ಟಿ ಹೊರಗೆ ಕಳಿಸಿದರಾಯಿತು. ಮುಖ್ಯ ಫೋನನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಣೆಗಳು ತಾವಾಗಿ ಕಳಚುತ್ತವೆ ನಿಜ, ಆದರೆ ದಿನವೂ ಫೋನು ನೋಡುವ ನಮಗೆ ಆ ನಿಯಮದಿಂದ ರಕ್ಷಣೆಯಿಲ್ಲ. ಫೋನ್ ಲಿಂಕಿನಲ್ಲಿ ಗಣಕದ ಸೆಟ್ಟಿಂಗ್ಸ್ ಒಳಗೆ ಸಾಧನದ ಹೆಸರಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ ತೆಗೆಯಬೇಕು. ಫೋನಿನ ಕಡೆಯೂ ಒಮ್ಮೆ ನೋಡುವುದು ಕ್ಷೇಮ. ಇನ್ನೊಂದು ಮಾತು: ಅಂಗಡಿಯ ಗಣಕಕ್ಕೆ ಆಗಲೇ ಇಳಿದುಹೋದ ಕಡತಗಳು ನಂಟು ಬಿಡಿಸಿದ ಮಾತ್ರಕ್ಕೆ ಅಳಿಯುವುದಿಲ್ಲ. ಅವನ್ನು ಅಲ್ಲಿಯೇ ಅಳಿಸಿ ಬರಬೇಕು.

ನನ್ನ ಸಹೋದ್ಯೋಗಿಯಾಗಿದ್ದ ಮಿತ್ರರೊಬ್ಬರು ತೀರಿಕೊಂಡು ಎರಡು ವರ್ಷವಾಯಿತು. ಅವರ ಫೋನನ್ನು ಮನೆಗೆಲಸಕ್ಕೆ ಬರುವಾಕೆಯ ಮಗನಿಗೆ ಓದಿಗೆಂದು ಕೊಡಲು ಮನೆಯವರು ನಿಶ್ಚಯಿಸಿದರು. ಸೋದರಳಿಯ ಬಂದು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟ. ಬಳಿಕ ಗಣಕದ ಪಟ್ಟಿಯಿಂದ ಹೆಸರನ್ನೂ ತೆಗೆಯಹೊರಟಾಗ ಮಿತ್ರರ ಪತ್ನಿ, ‘ಅದು ಇರಲಿ ಬಿಡಪ್ಪ’ ಎಂದರಂತೆ. ಆತ ನನ್ನನ್ನು ಕೇಳಲು ಬಂದ. ಫೋನನ್ನು ಪೂರ್ತಿ ಅಳಿಸಿದ್ದೀಯಷ್ಟೆ, ಕೀಲಿಕೈ ಹೋಯಿತು. ಉಳಿದದ್ದು ಬರಿಯ ಹೆಸರು, ಅತ್ತೆಯವರು ಹೇಳಿದಂತೆ ಮಾಡು ಎಂದೆ. ಅಳಿಸದೆಯೇ ಕೊಟ್ಟಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು, ಆ ತಾಯಿಯ ಮನಸ್ಸು ನೊಂದರೂ ಕೂಡ.

ಪಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯದೆ ತೊಡಕುವವರು ಬಹಳ. ಯಂತ್ರಗಳು ಹುಟ್ಟುವಾಗ ಬರುವ ಹೆಸರು ಅಕ್ಷರ ಅಂಕಿಗಳ ಕಲಸುಮೇಲೋಗರ. ಜೋಡಿಸುವ ಮುನ್ನವೇ ‘ಅಡಿಗೆಮನೆಯ ಫೋನು’, ‘ಮಗಳ ಗಣಕ’ ಎಂದು ಹೆಸರಿಟ್ಟರೆ ಮುಂದೆ ಬಿಡಿಸುವಾಗ ಕೈ ತಡವರಿಸುವುದಿಲ್ಲ. ಬ್ಲೂಟೂತಿನ ಪಟ್ಟಿ ಇವೆಲ್ಲಕ್ಕೂ ಬೇರೆ. ತಂತ್ರಾಂಶದಲ್ಲಿ ತೆಗೆದದ್ದು ಅಲ್ಲಿ ಉಳಿದಿದ್ದರೆ ಅದನ್ನೂ ಪ್ರತ್ಯೇಕವಾಗಿ ತೆಗೆಯಬೇಕಾಗುತ್ತದೆ.