ಜಪಾನಿನ ಮನೆಯಾಟ



ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾಡುವುದಕ್ಕೆಂದು 1889ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಹುಟ್ಟಿದ ಅಂಗಡಿಯೇ ನಿಂಟೆಂಡೊ. 1983ರಲ್ಲಿ ಅದು ‘ಫ್ಯಾಮಿಕಾಂ’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಟೆಲಿವಿಷನ್ನಿಗೆ ಅದನ್ನು ಜೋಡಿಸಿದರೆ ಮನೆಯ ತೆರೆಯೇ ಆಟದ ಬಯಲು! 1988ರ ಫೆಬ್ರವರಿ 10, ಬುಧವಾರ, ‘ಡ್ರ್ಯಾಗನ್ ಕ್ವೆಸ್ಟ್’ ಆಟದ ಮೂರನೆಯ ಭಾಗ ಬಂದಾಗ ಎಷ್ಟೋ ಮಕ್ಕಳು ಶಾಲೆ ತಪ್ಪಿಸಿ ಅಂಗಡಿಯ ಮುಂದೆ ಸಾಲುನಿಂತರು. ಮೇಷ್ಟರಾದ ನನಗೆ ಇದು ಸಿಟ್ಟು ತರಿಸುವ ಸಂಗತಿಯೇ ಸರಿ.

2020ರಲ್ಲಿ ಕಗಾವಾ ಪ್ರಾಂತದವರು ಮಕ್ಕಳ ಆಟಕ್ಕೆ ದಿನಕ್ಕೆ 60 ನಿಮಿಷ, ರಜೆಯಲ್ಲಿ 90 ನಿಮಿಷ ಎಂದು ಕಟ್ಟಳೆ ಮಾಡಿದರು. ಮೀರಿದರೆ ದಂಡವಿಲ್ಲ, ಹೊಣೆಯೆಲ್ಲ ಹೆತ್ತವರದು.

ಫ್ಯಾಮಿಕಾಂ ಯಂತ್ರಕ್ಕೆ ಕೈಹಿಡಿಗಳು ಎರಡಿದ್ದವು. ಎರಡನೆಯದನ್ನು ಹಿಡಿದು ಮಗುವಿನ ಪಕ್ಕದಲ್ಲಿ ಕುಳಿತ ತಂದೆ “ಸಾಕು, ಏಳಪ್ಪ” ಎಂದರೆ ಆ ಮಾತಿಗೆ ಕಟ್ಟಳೆಗಿಂತ ತೂಕ ಹೆಚ್ಚು.